ಮೂರನೆಯ ತಟ್ಟೆ

ಸುತ್ತೋಲೆ ಎರಡೇ ಹಾಳೆಯದು. ಉಪಜಿಲ್ಲೆಯಲ್ಲಿ ಅನಾಥರಿಗೆ, ವಿಧವೆಯರಿಗೆ, ಮುದುಕರಿಗೆ, ಅಂಗವಿಕಲರಿಗೆ ನೆರವಾಗುತ್ತೇವೆಂದು ಹೆಸರು ಬರೆಸಿಕೊಂಡ ಸಂಘಗಳನ್ನೆಲ್ಲ ಗಾತ್ರದ ಲೆಕ್ಕದಲ್ಲಿ ಮೂರು ಪಾಲು, ಉದ್ದೇಶದ ಲೆಕ್ಕದಲ್ಲಿ ಎಂಟು ಪಾಲು ಮಾಡಿ ಹನ್ನೆರಡು ದಿನದೊಳಗೆ ಜಿಲ್ಲೆಗೆ ಕಳಿಸಬೇಕು. ಒಂದು ಸಂಘಕ್ಕೆ ಒಂದೇ ಗಾತ್ರ, ಒಂದೇ ಉದ್ದೇಶ. ಎರಡು ಕಡೆ ಗುರುತು ಹಾಕಿದ ಹಾಳೆ ತಿರಸ್ಕೃತ.

ಅಕುರುತ್ ಹದಿನಾಲ್ಕು ವರ್ಷದಿಂದ ತೆಸೊ ನಾಡಿನ ಆ ಉಪಜಿಲ್ಲೆಯಲ್ಲಿ ಕಲ್ಯಾಣ ಸಹಾಯಕಿ. ಕಚೇರಿ ಎಂದರೆ ತಗಡಿನ ಮಾಡಿನ ಒಂದು ಕೋಣೆ, ಒಂದು ಬೀರು. ಬೀರುವಿನ ಒಂದು ಬಾಗಿಲು ಕಿತ್ತುಬಂದು ಎರಡು ವರ್ಷದಿಂದ ಗೋಡೆಗೆ ಒರಗಿ ನಿಂತಿತ್ತು. ಅದರೊಳಗೆ ಅರವತ್ತನಾಲ್ಕು ಕಡತ. ಕೆಲವು ಸಂಘಗಳು ಕಡತದಲ್ಲಿ ಮಾತ್ರ ಬದುಕಿದ್ದವು. ಕೆಲವಕ್ಕೆ ಮೊಹರು ಇತ್ತು, ಸದಸ್ಯರಿರಲಿಲ್ಲ. ಕೆಲವಕ್ಕೆ ಸದಸ್ಯರಿದ್ದರು, ಮೊಹರು ಮಾಡಿಸುವ ತಾಕತ್ತಿರಲಿಲ್ಲ. ಜಿಲ್ಲೆಯ ಅಧಿಕಾರಿ ಎಕ್ವಾರು ಅವಳಿಗಿಂತ ಹತ್ತು ವರ್ಷ ಚಿಕ್ಕವನು. ದಿನಕ್ಕೆರಡು ಸಲ ಫೋನ್ ಮಾಡಿ ಎಷ್ಟಾಯಿತು ಎಂದು ಕೇಳುತ್ತಿದ್ದ. ಎಷ್ಟಾಯಿತು ಎನ್ನುವುದರ ಹೊರತು ಬೇರೇನನ್ನೂ ಅವನು ಕೇಳಿದ್ದು ಅವಳಿಗೆ ನೆನಪಿಲ್ಲ.

ಮೊದಲ ವಾರದಲ್ಲೇ ಅವಳನ್ನು ಹುಡುಕಿಕೊಂಡು ಬಂದವನು ಡಾಂಬರು ರಸ್ತೆಯ ಪಕ್ಕದ ದೊಡ್ಡ ಅನಾಥಾಲಯದ ಮ್ಯಾನೇಜರು. ಅವನ ಅನಾಥಾಲಯದಲ್ಲಿ ತೊಂಬತ್ತಮೂರು ಮಕ್ಕಳು. ನೂರಕ್ಕೆ ಏರಿದರೆ ಮಾತ್ರ ‘ದೊಡ್ಡದು’, ಇಲ್ಲವಾದರೆ ‘ಮಧ್ಯಮ’. ಮಧ್ಯಮ ಎಂದು ಬರೆದ ಕಾಗದ ಕಂಡರೆ ಹೊರದೇಶದ ದಾನಿಗಳು ಕೈಬಿಡುತ್ತಾರೆ ಎಂದು ಅವನು ಬೆವರು ಒರೆಸಿಕೊಂಡು ಹೇಳಿದ. ಅಡುಗೆಯವಳ ಮಕ್ಕಳನ್ನು ಸೇರಿಸಿಕೊಳ್ಳಬಹುದೇ ಎಂದು ಕೇಳಿದ. ಅಡುಗೆಯವಳು ಬದುಕಿದ್ದಾಳಲ್ಲ ಎಂದು ಅಕುರುತ್ ಹೇಳಿದಳು. ಅದಕ್ಕವನು ನಗಲಿಲ್ಲ. ಹೋಗುವಾಗ ಬಾಗಿಲಲ್ಲಿ ನಿಂತು, ಹಳ್ಳಿಗಳ ಕಡೆ ಎಲ್ಲಾದರೂ ಮಕ್ಕಳು ಕಂಡರೆ ತಿಳಿಸಿ ಎಂದ, ಕೋಳಿಮರಿ ಕೊಳ್ಳಲು ಬಂದವನ ಹಾಗೆ. ಅವಳು ಆ ಕಡತದ ಮೇಲೆ ‘ಮಧ್ಯಮ’ ಎಂದು ಬರೆದು ಕೆಳಗಿಟ್ಟಳು.

ಒಂಬತ್ತನೆಯ ದಿನ ಜೌಗಿನಾಚೆಯ ಹಳ್ಳಿ ಒಲುಪೆಗೆ ಹೋದಳು. ಮೋಟಾರ್ ಸೈಕಲ್ಲಿಗೆ ಪೆಟ್ರೋಲು ಸಾಲದೆ ಜೌಗಿನ ಈಚೆಗೇ ಅದನ್ನು ನಿಲ್ಲಿಸಿ, ಚಪ್ಪಲಿ ಕೈಯಲ್ಲಿ ಹಿಡಿದು ದಾಟಿದಳು. ಒಲುಪೆಯ ತಾಯಂದಿರ ಗುಂಪಿಗೆ ಮೊಹರು ಇರಲಿಲ್ಲ. ಹನ್ನೊಂದು ಹೆಂಗಸರು, ಅವರಿಗೆ ಹಿರಿಯಳು ಅಮೊದಿಂಗ್ ಅಜ್ಜಿ. ಸುತ್ತಲ ಐದು ಹಳ್ಳಿಗಳಲ್ಲಿ ಯಾವ ಮನೆಯಲ್ಲಿ ಹೆಂಗಸು ಸತ್ತರೂ ಹೆಣ ತೊಳೆಯುವುದು, ಬಟ್ಟೆ ಉಡಿಸುವುದು ಅವರು. ಸತ್ತವಳ ಹೊಲದಲ್ಲಿ ಕೊಯ್ಲಿಗೆ ಬಂದದ್ದಿದ್ದರೆ ಕೊಯ್ದು ಕಣಜಕ್ಕೆ ಹಾಕುವುದೂ ಅವರೇ. ಆಮೇಲೆ ಮಕ್ಕಳನ್ನು ಕರೆದೊಯ್ಯಲು ಯಾರಾದರೂ ನೆಂಟರು ಬಂದರೆ ಸರಿ. ಬರದಿದ್ದರೆ ಆ ಮಕ್ಕಳು ಅಮೊದಿಂಗ್ ಅಜ್ಜಿಯ ಅಂಗಳಕ್ಕೆ ಬರುತ್ತಿದ್ದವು.

ಅಜ್ಜಿ ಮಾವಿನ ಮರದ ಕೆಳಗೆ ಕಡಲೆಕಾಯಿ ಬಿಡಿಸುತ್ತ ಕೂತಿದ್ದಳು. ಅಕುರುತ್ ಹಾಳೆ ಬಿಚ್ಚಿ, ನಿಮ್ಮ ಗುಂಪಿನ ಕೆಲಸ ಶವಸಂಸ್ಕಾರವೋ ಮಕ್ಕಳ ಪಾಲನೆಯೋ, ಎರಡರಲ್ಲಿ ಒಂದು ಹೇಳಬೇಕು ಎಂದಳು.

“ಎರಡು ಎಲ್ಲಿ ಬಂತು ಮಗಳೇ?” ಎಂದಳು ಅಜ್ಜಿ. “ಬೆಳಿಗ್ಗೆ ತಾಯಿನ ಮಣ್ಣು ಮಾಡಿ ಸಾಯಂಕಾಲ ಮಗೂಗೆ ಊಟ ಹಾಕ್ತೀವಿ. ಅದೇ ಕೈ, ಅದೇ ದಿನ.”

“ಕಾಗದದಲ್ಲಿ ಒಂದಕ್ಕೇ ಜಾಗ ಇರೋದು ಅಜ್ಜಿ.”

“ಹಂಗಾದ್ರೆ ಕಾಗದ ಸಣ್ಣದಾಯ್ತು.”

ಅಜ್ಜಿಯ ಜೊತೆ ಕಡಲೆಕಾಯಿ ಬಿಡಿಸುತ್ತಿದ್ದ ಗುಂಪಿನ ಹೆಂಗಸರು ನಕ್ಕರು. ಅಕುರುತ್ ಕೂಡ ನಕ್ಕಳು. ಶವಸಂಸ್ಕಾರ ಎಂದು ಬರೆದರೆ ಅದು ‘ಧರ್ಮ ಮತ್ತು ಸಂಸ್ಕೃತಿ’ಯ ಕೆಳಗೆ ಹೋಗಿ ಬೇರೆ ಇಲಾಖೆಯ ಬೀರು ಸೇರುತ್ತದೆ ಎಂಬುದು ಅವಳಿಗೆ ಗೊತ್ತಿತ್ತು. ಅವಳು ‘ಮಕ್ಕಳ ಪಾಲನೆ’ಗೆ ಗುರುತು ಹಾಕಿದಳು. ಉಳಿದದ್ದು ಗಾತ್ರ. ಹತ್ತು ಮಕ್ಕಳವರೆಗೆ ‘ಸಣ್ಣದು’, ಅಂದರೆ ಮನೆಮಟ್ಟದ ನೆರವು. ಸರ್ಕಾರದಿಂದ ಏನೂ ಇಲ್ಲ. ಹತ್ತು ದಾಟಿದರೆ ‘ಮಧ್ಯಮ’. ತಿಂಗಳಿಗೆ ಜೋಳದ ಹಿಟ್ಟು, ಮಲೇರಿಯಾ ಮಾತ್ರೆ, ಸೊಳ್ಳೆಪರದೆ. ಆ ವರ್ಷ ಮೊದಲ ಮಳೆ ಕೈಕೊಟ್ಟು, ಒಲುಪೆಯಲ್ಲಿ ಒಣಗಿಸಿಟ್ಟ ಗೆಣಸಿನ ಹೋಳುಗಳ ಮೇಲೆ ದಿನ ದೂಡುತ್ತಿದ್ದರು. ಮಕ್ಕಳ ಕೂದಲು ಕೆಂಚಗಾಗಿದ್ದುದನ್ನು ಅವಳು ಬಂದಕೂಡಲೇ ನೋಡಿದ್ದಳು.

ಎಷ್ಟು ಮಕ್ಕಳು ಎಂದು ಕೇಳಬೇಕಿತ್ತು. ಅಕುರುತ್ ಕೇಳಲಿಲ್ಲ. ತೆಸೊ ನಾಡಿನ ಯಾವ ಹಿರಿಯಳೂ ತನ್ನ ಅಂಗಳದ ಮಕ್ಕಳನ್ನು ಸಂಖ್ಯೆ ಹಾಕಿ ಹೇಳುವುದಿಲ್ಲ. ಎಣಿಸಿದ್ದನ್ನು ಸಾವು ಕೇಳಿಸಿಕೊಳ್ಳುತ್ತದೆ. ಏಳು ವರ್ಷದವಳಿದ್ದಾಗ ಅಕುರುತ್, ಚಾಪೆಯ ಮೇಲೆ ಮಲಗಿದ್ದ ತಮ್ಮ ತಂಗಿಯರನ್ನು ಒಂದು, ಎರಡು ಎಂದು ಬೆರಳು ತೋರಿಸಿ ಎಣಿಸಿ, ಅವ್ವನಿಂದ ಸೌಟಿನ ಏಟು ತಿಂದಿದ್ದಳು. ಈಗ ಅವಳಿಗೆ ಅದರಲ್ಲಿ ನಂಬಿಕೆ ಇತ್ತೆಂದಲ್ಲ. ಆದರೂ ಶಾಲೆಯ ಫಾರಂ ತುಂಬುವಾಗ ತನ್ನ ಮಕ್ಕಳ ಹೆಸರುಗಳನ್ನು ಬರೆದು ಸಂಖ್ಯೆಯ ಜಾಗವನ್ನು ಮೇಷ್ಟರಿಗೇ ಬಿಡುತ್ತಿದ್ದಳು. ಬೆರಳು ಏಳುತ್ತಿರಲಿಲ್ಲ, ಅಷ್ಟೆ.

ಅದಕ್ಕೆ ಬೇರೆ ದಾರಿಯಿತ್ತು. ಒಲುಪೆಯಲ್ಲಿ ಒಂದು ತಟ್ಟೆಗೆ ಐದು ಮಕ್ಕಳು. ರಾಗಿ ಮತ್ತು ಮರಗೆಣಸಿನ ಹಿಟ್ಟಿನ ಮುದ್ದೆಯನ್ನು ನಡುವೆ ಇಟ್ಟು ಸುತ್ತ ಐದು ಜನ ಕೂತು ಮುರಿದು ತಿನ್ನುತ್ತಾರೆ. ನಾಲ್ಕು ಕೂತರೆ ದೊಡ್ಡವನಿಗೆ ಜಾಸ್ತಿ ಸಿಗುತ್ತದೆ, ಆರು ಕೂತರೆ ಸಣ್ಣದಕ್ಕೆ ಸಿಗುವುದಿಲ್ಲ. ಹಾಗಾಗಿ ತಟ್ಟೆಗಳನ್ನು ನೋಡಿದರೆ ಸಾಕು. ಅಡುಗೆ ಗುಡಿಸಲ ಮುಂದೆ ಮೂರು ತಟ್ಟೆಗಳಿದ್ದವು. ಎರಡು ತೊಳೆದು ಮಗುಚಿಟ್ಟದ್ದು. ಮೂರನೆಯದು ಸ್ವಲ್ಪ ದೂರದಲ್ಲಿ, ಗೋಡೆಯ ಬುಡದಲ್ಲಿ, ಅಂಗಾತ. ಅದರಲ್ಲಿ ಒಣಗಿದ ಮುದ್ದೆಯ ಚೂರೊಂದಿತ್ತು, ಇರುವೆ ಮುತ್ತಿದ್ದವು.

ಅವಳು ಅದನ್ನು ನೋಡಿದಳು. ಆಮೇಲೆ ಎಷ್ಟೋ ಸಲ ತನ್ನನ್ನು ತಾನೇ ಕೇಳಿಕೊಂಡಾಗಲೂ ನೋಡಲಿಲ್ಲವೆಂದು ಹೇಳಿಕೊಳ್ಳಲು ಆಗಲಿಲ್ಲ. ಎರಡು ತಟ್ಟೆಯಾದರೆ ಹತ್ತು, ಸಣ್ಣದು, ಏನೂ ಇಲ್ಲ. ಮೂರಾದರೆ ಹದಿನೈದು. ಅವಳು ಹದಿನೈದು ಎಂದು ಬರೆದಳು, ಬರೆದು ಹಗುರಾದಳು. ಹಿಟ್ಟು ಬರುತ್ತದೆ ಅಜ್ಜಿ, ಮಾತ್ರೆಯೂ ಬರುತ್ತದೆ ಎಂದಳು. ಅಜ್ಜಿ ಅವಳ ತಲೆ ಮುಟ್ಟಿ ಹರಸಿ, ದಾರಿಗೆ ಎಂದು ಒಂದು ಹಿಡಿ ಕಡಲೆಕಾಯಿ ಕೊಟ್ಟಳು.

ಐದು ವಾರ ಕಳೆದರೂ ಹಿಟ್ಟು ಬರಲಿಲ್ಲ. ಬಂದದ್ದು ಎಕ್ವಾರು, ಬಿಳಿ ಪಿಕಪ್ಪು ಗಾಡಿಯಲ್ಲಿ, ಡ್ರೈವರ್ ಒಲಿಂಗಾನ ಜೊತೆ. ಮಧ್ಯಮ ವರ್ಗಕ್ಕೆ ಏರಿದ ಮಕ್ಕಳ ಪಾಲನಾ ಸಂಸ್ಥೆಗಳನ್ನೆಲ್ಲ ಒಮ್ಮೆ ಪರೀಕ್ಷಿಸಬೇಕಂತೆ. ಅಕುರುತ್‌ಳನ್ನೂ ಹತ್ತಿಸಿಕೊಂಡರು. ದಾರಿಯುದ್ದಕ್ಕೂ ಒಲಿಂಗಾ ತಮಾಷೆ ಮಾಡುತ್ತಿದ್ದ: ಈ ಜೌಗು ಯಾವ ವರ್ಗದ್ದು ಮೇಡಂ, ಸಣ್ಣದೋ ಮಧ್ಯಮದ್ದೋ, ಗಾಡಿ ಇಳಿಸೋ ಮೊದಲೇ ಹೇಳಿಬಿಡಿ. ಡಾಂಬರು ರಸ್ತೆಯ ಅನಾಥಾಲಯದವರು ಜಿಲ್ಲಾ ಕಚೇರಿಗೆ ಎರಡು ಸಲ ಬಂದುಹೋದರೆಂದೂ ಅವನೇ ಹೇಳಿದ. ಎಕ್ವಾರು ಕಿಟಕಿಯಾಚೆ ನೋಡುತ್ತ ಕೂತ.

ಅಂಗಳದಲ್ಲಿ ಎಕ್ವಾರು ಬೇಲಿ ಎಲ್ಲಿ, ಮಕ್ಕಳ ದಾಖಲೆಪುಸ್ತಕ ಎಲ್ಲಿ, ತರಬೇತಿ ಪಡೆದ ಮೇಲ್ವಿಚಾರಕಿ ಯಾರು, ಹೆಣ್ಣು ಗಂಡಿಗೆ ಬೇರೆ ಬೇರೆ ಶೌಚಾಲಯ ಎಲ್ಲಿ ಎಂದು ಕೇಳಿದ. ಪ್ರತಿಯೊಂದಕ್ಕೂ ಅಜ್ಜಿ ತನ್ನ ಅಂಗಳವನ್ನು ಒಂದು ಸಲ ನೋಡಿಕೊಂಡು, ಇಲ್ಲ ಎಂದಳು. ಆಮೇಲೆ ಅವನು ಮಕ್ಕಳನ್ನು ಸಾಲಾಗಿ ನಿಲ್ಲಿಸಿದ. ಬೆರಳೆತ್ತಿ ಎಣಿಸಿದ. ಹೆಂಗಸರು ಮುಖ ತಿರುಗಿಸಿಕೊಂಡರು. ಅಜ್ಜಿ ಮಾತ್ರ ತಿರುಗಿಸಲಿಲ್ಲ; ಆದರೆ ಅವಳ ತುಟಿ ಅಲ್ಲಾಡುತ್ತಿತ್ತು, ಅವನು ಒಂದೊಂದು ಸಂಖ್ಯೆ ಹೇಳಿದಾಗಲೂ ಅದರ ಮೇಲೆ ಒಂದೊಂದು ಹೆಸರು ಮುಚ್ಚುತ್ತಿರುವ ಹಾಗೆ.

ಹತ್ತು.

“ಪಟ್ಟಿಯಲ್ಲಿ ಹದಿನೈದಿದೆ. ಇನ್ನೈದು ಮಕ್ಕಳು ಎಲ್ಲಿ?”

ಅಜ್ಜಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಅವನನ್ನು ಮನೆಯ ಹಿಂದಕ್ಕೆ ಕರೆದೊಯ್ದಳು. ಅಲ್ಲಿ ಮೂರು ಚಿಕ್ಕ ದಿಬ್ಬಗಳಿದ್ದವು, ಹುಲ್ಲು ಹತ್ತಿತ್ತು. ಹಿಂದಿನ ಮಳೆಗಾಲದ ದಡಾರದಲ್ಲಿ ಹೋದ ಮಕ್ಕಳು. ಸತ್ತು ವರ್ಷ ತುಂಬಿದಾಗ ಮಾಡುವ ಕೊನೆಯ ಕಾರ್ಯ ಆಗುವವರೆಗೆ ಅವರೂ ಮನೆಯವರೇ. ಆ ಕಾರ್ಯಕ್ಕೆ ರಾಗಿಯ ಹೆಂಡ ಮಾಡಿ ಊರಿಗೆಲ್ಲ ಕುಡಿಸಬೇಕು, ಅಷ್ಟು ರಾಗಿ ಇರಲಿಲ್ಲ, ಅದಕ್ಕೆ ತಡವಾಯಿತು. ತಡವಾದಷ್ಟು ದಿನವೂ ಸಂಜೆ ಅವರ ಪಾಲನ್ನು ಒಂದು ತಟ್ಟೆಯಲ್ಲಿ ಗೋಡೆಯ ಬುಡದಲ್ಲಿಡುತ್ತೇವೆ ಎಂದು ಅವಳು ನಿಧಾನವಾಗಿ, ತಿಳಿಯದವರಿಗೆ ತಿಳಿಸುವ ಹಾಗೆ ಹೇಳಿದಳು.

ಅಕುರುತ್‌ಳ ಕಣ್ಣು ದಿಬ್ಬಗಳನ್ನು ಬಿಟ್ಟು ಗೋಡೆಯ ಕಡೆ ತಿರುಗಿತು.

ಎಕ್ವಾರು ಬರೆದುಕೊಂಡ. ಮೂರು ಸಾವು, ಯಾರಿಗೂ ವರದಿಯಾಗಿಲ್ಲ. ಪೆನ್ನು ನಿಲ್ಲಿಸಿ ಕೇಳಿದ: “ಸತ್ತ ಮೂವರನ್ನ ತೋರಿಸಿದ್ರಿ. ಇನ್ನಿಬ್ಬರು?”

ಆ ಇಬ್ಬರು ಎಲ್ಲೂ ಇರಲಿಲ್ಲ. ಅವರನ್ನು ಯಾರೂ ಹೆತ್ತಿರಲಿಲ್ಲ, ಯಾರೂ ಹೂತಿರಲಿಲ್ಲ. ಮೂರನೆಯ ತಟ್ಟೆಯನ್ನು ಐದರಿಂದ ಗುಣಿಸಿದಾಗ ಅಕುರುತ್‌ಳ ಪೆನ್ನಿನಿಂದ ಬಿದ್ದವರು ಅವರು. ಆದರೆ ಪಟ್ಟಿಯಲ್ಲಿದ್ದರು, ಸಹಿ ಮೊಹರಿನೊಂದಿಗೆ. ಗಡಿಯಾಚೆಗೆ ಮಕ್ಕಳನ್ನು ಮಾರುವವರ ಸುದ್ದಿ ಆ ವರ್ಷ ರೇಡಿಯೋದಲ್ಲಿ ವಾರಕ್ಕೊಂದು ಬರುತ್ತಿತ್ತು. ಎಕ್ವಾರು ‘ಮಾರಾಟ’ ಎಂಬ ಮಾತನ್ನು ಬಾಯಿಬಿಟ್ಟು ಹೇಳಲಿಲ್ಲ. ಪೊಲೀಸರಿಗೆ ತಿಳಿಸಬೇಕಾಗುತ್ತದೆ ಎಂದಷ್ಟೇ ಹೇಳಿದ. ಹೆಂಗಸರಲ್ಲೊಬ್ಬಳು ನೆಲಕ್ಕೆ ಕುಕ್ಕರಿಸಿದಳು.

ಅಕುರುತ್ ಅವನನ್ನು ಗಾಡಿಯ ಹಿಂದಕ್ಕೆ ಕರೆದು ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ನಾನು ಮಕ್ಕಳನ್ನು ಎಣಿಸಲಿಲ್ಲ, ತಟ್ಟೆ ನೋಡಿ ಬರೆದೆ, ತಪ್ಪು ನನ್ನದು. ಈಗಲೇ ಬರೆದು ಸಹಿ ಹಾಕಿಕೊಡುತ್ತೇನೆ, ಇವರನ್ನು ‘ಸಣ್ಣದು’ ಎಂದು ತಿದ್ದಿಬಿಡಿ. ಹೇಳುವಾಗ ಕೆಲಸ ಹೋಗುವುದೂ, ಮಕ್ಕಳ ಶಾಲೆ ತಪ್ಪುವುದೂ ಅವಳ ಕಣ್ಣ ಮುಂದೆ ಬಂತು. ಆದರೂ ಮಾತು ನಿಲ್ಲಿಸಲಿಲ್ಲ.

ಎಕ್ವಾರು ಸಿಟ್ಟಾಗಲಿಲ್ಲ. ಅದೇ ಅವಳಿಗೆ ಹೆಚ್ಚು ಹೆದರಿಕೆ ತಂದದ್ದು.

“ನಮ್ಮಜ್ಜಿನೂ ಎಣಿಸ್ತಿರ್ಲಿಲ್ಲ ಮೇಡಂ,” ಎಂದ. “ಆದ್ರೆ ನಮ್ಮಜ್ಜಿಗೆ ಸರ್ಕಾರ ಸಂಬಳ ಕೊಡ್ತಿರ್ಲಿಲ್ಲ.”

ಪಟ್ಟಿ ರಾಜಧಾನಿ ಸೇರಿದೆ, ಅದರ ಮೇಲೆ ನನ್ನ ಸಹಿಯಿದೆ ಎಂದ. ಒಂದು ಹಾಳೆ ತಟ್ಟೆ ನೋಡಿ ಬರೆದದ್ದು ಎಂದರೆ ಅರವತ್ತನಾಲ್ಕನ್ನೂ ಹೇಗೆ ಬರೆದಿರಿ ಎಂದು ಕೇಳುತ್ತಾರೆ, ಆಗ ನೀವೂ ಇರುವುದಿಲ್ಲ, ನಾನೂ ಇರುವುದಿಲ್ಲ. ಈ ಮುದುಕಿಗೂ ಅದರಿಂದ ಉಪಕಾರವಿಲ್ಲ, ಯಾಕೆಂದರೆ ವರ್ಗ ಬದಲಿಸುವ ಅಧಿಕಾರ ಜಿಲ್ಲೆಗಿಲ್ಲ, ಮುಂದಿನ ವರ್ಷದ ವರ್ಗೀಕರಣದವರೆಗೆ ಇದು ಸಂಸ್ಥೆಯೇ. ಮನೆಯಲ್ಲಿ ಮಗು ಸತ್ತರೆ ಅಕ್ಕಪಕ್ಕದವರು ಬಂದು ಅಳುತ್ತಾರೆ, ಸಂಸ್ಥೆಯಲ್ಲಿ ಸತ್ತರೆ ಪೊಲೀಸರು ಬರುತ್ತಾರೆ, ಅಷ್ಟು ನಿಮಗೆ ಗೊತ್ತಿರಬೇಕಿತ್ತು. ಒಂದು ದಾರಿ ಇದೆ ಎಂದ. ಸೌಕರ್ಯವಿಲ್ಲದ ಕಾರಣ ಗುಂಪು ತಾನಾಗಿಯೇ ಮಕ್ಕಳನ್ನು ದೊಡ್ಡ ಸಂಸ್ಥೆಯೊಂದಕ್ಕೆ ಒಪ್ಪಿಸುತ್ತಿದೆ ಎಂದು ಬರೆದರೆ ಪರೀಕ್ಷೆ ಇಲ್ಲಿಗೇ ಮುಗಿಯುತ್ತದೆ. ಒಪ್ಪಿಸಿದ ಮಕ್ಕಳು ಹತ್ತು. ಹಳೆಯ ಹದಿನೈದನ್ನು ಆಮೇಲೆ ಯಾರೂ ಕೇಳುವುದಿಲ್ಲ.

ಯಾವ ಸಂಸ್ಥೆ ಎಂದು ಅವಳು ಕೇಳಬೇಕಾಗಲಿಲ್ಲ. ತೊಂಬತ್ತಮೂರಕ್ಕೆ ಹತ್ತು ಕೂಡಿಸುವುದು ಅವಳಿಗೂ ಬರುತ್ತಿತ್ತು.

ಅದನ್ನು ಅಜ್ಜಿಗೆ ಹೇಳುವ ಕೆಲಸ ಅವಳ ಪಾಲಿಗೆ ಬಂತು. ಮಾವಿನ ಬುಡದಲ್ಲಿ ಅವಳ ಎದುರು ನೆಲದ ಮೇಲೆ ಕೂತು ಎಲ್ಲವನ್ನೂ ಹೇಳಿದಳು. ಮೂರನೆಯ ತಟ್ಟೆಯನ್ನು ನೋಡಿಯೂ ಕೇಳದೆ ಹೋದದ್ದನ್ನು ಕೂಡ. ಅಜ್ಜಿ ಕೇಳಿಸಿಕೊಂಡಳು. ಆಚೆ ಮಕ್ಕಳು ಸಾಲು ಮುರಿಯಬಹುದೋ ಬಾರದೋ ಗೊತ್ತಾಗದೆ ಇನ್ನೂ ಹಾಗೇ ಬಿಸಿಲಲ್ಲಿ ನಿಂತಿದ್ದರು.

“ನಾನು ಜೈಲಿಗೆ ಹೋದ್ರೆ ಇವು ಇಲ್ಲೇ ಉಳೀತಾವಾ?”

“ಇಲ್ಲ ಅಜ್ಜಿ. ಆಗಲೂ ಕರ್ಕೊಂಡು ಹೋಗ್ತಾರೆ.”

“ಅಲ್ಲಿ ಊಟ ಹಾಕ್ತಾರಾ?”

“ಹಾಕ್ತಾರೆ.”

“ಹಂಗಾದ್ರೆ ಬರಿ.” ಅಜ್ಜಿ ಉಟ್ಟ ಬಟ್ಟೆಯ ಅಂಚಿನಿಂದ ಮುಖ ಒರೆಸಿಕೊಂಡಳು. “ಒಂದು ಮಾತು. ನೀನು ನಮ್ಮೋಳು, ಅದಕ್ಕೇ ಎಣಿಸಲಿಲ್ಲ. ನಂಗೆ ಗೊತ್ತು. ಆದ್ರೆ ಪೂರ್ತಿ ನಮ್ಮೋಳಾಗಿದ್ರೆ ಆ ತಟ್ಟೆ ಯಾರದು ಅಂತ ನೀನು ಕೇಳ್ತಿದ್ದೆ.”

ಅಕುರುತ್ ಬರೆದಳು. ಅಜ್ಜಿ ಹೆಬ್ಬೆಟ್ಟು ಒತ್ತಿದಳು.

ಮಕ್ಕಳ ಗಂಟು ಕಟ್ಟಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಹೆಂಗಸರು ಇದ್ದ ಗೆಣಸನ್ನೆಲ್ಲ ಬೇಯಿಸಿ ಬಾಳೆಲೆಯಲ್ಲಿ ಸುತ್ತಿದರು. ಯಾವುದು ಯಾರ ಮಗು, ಯಾವ ಹಳ್ಳಿ, ತಾಯಿಯ ಹೆಸರೇನು, ಯಾವುದಕ್ಕೆ ಮಳೆ ಬಂದರೆ ಕಿವಿ ಸೋರುತ್ತದೆ ಎಂದು ಅಜ್ಜಿ ಒಂದೊಂದಾಗಿ ಹೇಳಿದಳು, ಅಕುರುತ್ ಬರೆದುಕೊಂಡಳು. ಎಕ್ವಾರು ಗಡಿಯಾರ ನೋಡಿಕೊಂಡ. ಅಗುತಿ ಎಂಬ ನಾಲ್ಕು ವರ್ಷದ ಹುಡುಗಿ ಎಲ್ಲರಿಗಿಂತ ಮೊದಲು ಗಾಡಿ ಹತ್ತಿ ಕೂತಿತ್ತು. ಅದು ಈವರೆಗೆ ಗಾಡಿ ಹತ್ತಿರಲಿಲ್ಲ. ದೊಡ್ಡ ಹುಡುಗನೊಬ್ಬ ಹಿಂದಿನ ದಿಬ್ಬಗಳ ಹತ್ತಿರ ಹೋಗಿ ನಿಂತವನು ಕರೆದರೂ ಬರಲಿಲ್ಲ. ಅವುಗಳಲ್ಲೊಂದು ಅವನ ತಂಗಿಯದು. ಒಲಿಂಗಾನೇ ಹೋಗಿ, ತಮಾಷೆಯನ್ನೆಲ್ಲ ಎಲ್ಲೋ ಬಿಟ್ಟು, ಅವನ ಹೆಗಲ ಮೇಲೆ ಕೈಹಾಕಿ ಕರೆತಂದ. ಗಾಡಿ ಹೊರಟಾಗ ಅಗುತಿ ನಗುತ್ತ ಕೈಬೀಸಿತು. ಜೌಗಿನ ಹತ್ತಿರ ಬರುವಷ್ಟರಲ್ಲಿ ಅಜ್ಜಿ ಹಿಂದೆ ಬರುತ್ತಿಲ್ಲವೆಂದು ಅದಕ್ಕೆ ತಿಳಿಯಿತು. ಅಲ್ಲಿಂದ ಡಾಂಬರು ರಸ್ತೆಯವರೆಗೂ ಅದು ಅತ್ತದ್ದನ್ನು ಅಕುರುತ್ ಅದನ್ನು ಮಡಿಲಲ್ಲಿ ಕೂರಿಸಿಕೊಂಡೇ ಕೇಳಿದಳು.

ಅನಾಥಾಲಯದ ಗೇಟಿನಲ್ಲಿ ಮ್ಯಾನೇಜರು ಕಾಯುತ್ತಿದ್ದ. ಅವಳು ಬರೆದುಕೊಂಡ ಹಾಳೆಯನ್ನು ಅವನ ಕೈಗೆ ಕೊಟ್ಟು, ಇದರಲ್ಲಿ ತಾಯಂದಿರ ಹೆಸರಿದೆ, ಕಳೆಯಬೇಡಿ ಎಂದಳು. ಖಂಡಿತ ಎಂದ ಅವನು, ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಜೇಬಿಗೆ ತುರುಕಿಕೊಂಡ. ಆಮೇಲೆ ಮಕ್ಕಳಿಗೆ ಸಂಖ್ಯೆ ಹೊಲಿದ ಅಂಗಿ ಕೊಟ್ಟರು. ತೊಂಬತ್ತನಾಲ್ಕರಿಂದ ಶುರು.

ಮುಂದಿನ ತಿಂಗಳು ಅನಾಥಾಲಯದ ಕಡತದ ಮೇಲೆ ‘ದೊಡ್ಡದು’ ಎಂಬ ಮೊಹರು ಬಿತ್ತು. ವರ್ಗ ಬದಲಿಸುವ ಅಧಿಕಾರ ಅದೆಲ್ಲಿಂದ ಬಂತೋ ಅಕುರುತ್ ಕೇಳಲಿಲ್ಲ. ಅವಳ ಕೆಲಸ ಹೋಗಲಿಲ್ಲ. ಗಡುವಿನೊಳಗೆ ಮುಗಿಸಿದ್ದಕ್ಕೆ ಜಿಲ್ಲೆಯಿಂದ ಮೆಚ್ಚುಗೆಯ ಪತ್ರವೂ ಬಂತು. ಅವಳು ಅನಾಥಾಲಯಕ್ಕೆ ಎರಡು ಸಲ ಹೋದಳು. ಮೊದಲ ಸಲ ಮಕ್ಕಳು ಶಾಲೆಗೆ ಹೋಗಿದ್ದಾರೆ ಎಂದರು. ಎರಡನೆಯ ಸಲ ಅಗುತಿಯನ್ನು ಹೊರಗೆ ಕರೆತಂದರು. ಮೈ ತುಂಬಿಕೊಂಡಿತ್ತು. ಅಕುರುತ್ ಹೆಸರು ಹಿಡಿದು ಕರೆದರೆ ಅದು ಪಕ್ಕದಲ್ಲಿದ್ದ ಆಯಾಳ ಮುಖ ನೋಡಿತು.

ಮಳೆ ಹಿಡಿದ ಮೇಲೆ ಒಂದು ಸೋಮವಾರ ಬೆಳಿಗ್ಗೆ ಅಮೊದಿಂಗ್ ಅಜ್ಜಿ ಕಚೇರಿಯ ಬಾಗಿಲಲ್ಲಿ ನಿಂತಿದ್ದಳು. ಮೊಣಕಾಲವರೆಗೆ ಜೌಗಿನ ಕೆಸರು. ಕಾಲು ತೊಳೆದುಕೊಳ್ಳದೆ ಒಳಗೆ ಬರುವುದಿಲ್ಲವೆಂದು ಹೊರಗೇ ನಿಂತಳು. ಅಕುರುತ್ ಎದ್ದು ಹೊರಗೆ ಹೋದಳು. ಅಜ್ಜಿ ಸುತ್ತು ಬಳಸಲಿಲ್ಲ. ಪಕ್ಕದ ಹಳ್ಳಿಯಲ್ಲಿ ಒಬ್ಬಳು ಹೆರಿಗೆಯಲ್ಲಿ ಹೋದಳು, ಶನಿವಾರ ಮಣ್ಣು ಮಾಡಿದೆವು. ಮಕ್ಕಳಿದ್ದಾರೆ. ನೆಂಟರು ಯಾರೂ ಬಂದಿಲ್ಲ, ಬರುವ ಹಾಗೂ ಕಾಣುವುದಿಲ್ಲ.

ಎಷ್ಟು ಮಕ್ಕಳೆಂದು ಅವಳು ಹೇಳಲಿಲ್ಲ. ಅಕುರುತ್ ಕೇಳಲೂ ಇಲ್ಲ.

“ನಿನ್ನ ಕಾಗದದಲ್ಲಿ ನಮ್ಮ ಹೆಸರು ಇನ್ನೂ ಐತಾ?”

“ಐತೆ.”

“ತೆಗೆದುಬಿಡು ಮಗಳೇ. ಹೆಸರು ಇದ್ರೆ ಗಾಡಿ ಬರ್ತೈತೆ.”

ಹೆಸರು ತೆಗೆದರೆ ಏನಾಗುತ್ತದೆಂದು ಅಕುರುತ್ ಬಿಡಿಸಿ ಹೇಳಿದಳು. ಹಿಟ್ಟು ಎಂದೂ ಬರುವುದಿಲ್ಲ. ಸೊಳ್ಳೆಪರದೆ ಹಂಚುವಾಗ ಒಲುಪೆಯನ್ನು ದಾಟಿ ಹೋಗುತ್ತಾರೆ. ದಡಾರದ ಸೂಜಿ ಹಾಕುವವರು ಸಂಘಗಳ ಪಟ್ಟಿ ಹಿಡಿದು ಬರುತ್ತಾರೆ. ಪಟ್ಟಿಯಲ್ಲಿಲ್ಲದ ಅಂಗಳಕ್ಕೆ ಅವರೂ ಬರುವುದಿಲ್ಲ. ದಡಾರ ಎಂದಾಗ ಅಜ್ಜಿಯ ಮುಖ ಒಂದು ಕ್ಷಣ ಬಿಗಿದುಕೊಂಡಿತು.

“ಸೂಜಿಗೆ ನಾನೇ ಹೊತ್ಕೊಂಡು ಬರ್ತೀನಿ, ಆಸ್ಪತ್ರೆಗೆ. ಒಂದೊಂದನ್ನೇ ತರ್ತೀನಿ. ಯಾರ ಮಗು ಅಂದ್ರೆ ನಂದು ಅಂತೀನಿ.”

“ನಿಮ್ಮ ವಯಸ್ಸು ನೋಡಿದರೆ ನಂಬೋದಿಲ್ಲ ಅಜ್ಜಿ.”

“ನಂಬದಿದ್ರೆ ಬೇಡ. ಸೂಜಿ ಹಾಕಿದ್ರೆ ಸಾಕು.”

ಅಕುರುತ್ ಒಳಗೆ ಹೋಗಿ ಒಲುಪೆಯ ಕಡತ ತೆಗೆದಳು. ಗಾತ್ರದ ಜಾಗದಲ್ಲೂ ಉದ್ದೇಶದ ಜಾಗದಲ್ಲೂ ಗೀಟು ಎಳೆದು, ಮೇಲೆ ‘ವಿಸರ್ಜಿತ’ ಎಂದು ಬರೆದು, ತಾರೀಖು ಹಾಕಿ ಸಹಿ ಮಾಡಿದಳು. ಗುಂಪು ಕೆಲಸ ನಿಲ್ಲಿಸಿದೆ ಎಂದು ತಾನೇ ಸ್ಥಳಕ್ಕೆ ಹೋಗಿ ಖಚಿತಪಡಿಸಿಕೊಂಡಿರುವುದಾಗಿ ಕೆಳಗೆ ಒಂದು ಸಾಲು ಸೇರಿಸಿದಳು. ಕಿಟಕಿಯಿಂದ ಹಾಳೆಯನ್ನು ಅಜ್ಜಿಗೆ ತೋರಿಸಿದಳು. ಓದಲು ಬಾರದ ಅಜ್ಜಿ ಗೀಟುಗಳನ್ನು ಮಾತ್ರ ಗಮನವಿಟ್ಟು ನೋಡಿ, ಇನ್ನು ಯಾರೂ ಬರುವುದಿಲ್ಲ ತಾನೆ ಎಂದು ಕೇಳಿದಳು. ಯಾರೂ ಬರುವುದಿಲ್ಲ ಎಂದಳು ಅಕುರುತ್.

ಚಹಾ ಕುಡಿದು ಹೋಗಿ ಎಂದರೆ ಅಜ್ಜಿ ನಿಲ್ಲಲಿಲ್ಲ. ಹೆರಿಗೆಯಲ್ಲಿ ಉಳಿದ ಕೂಸಿಗೆ ಹಾಲುಣಿಸುವವರಿಲ್ಲ, ಆಡಿನ ಹಾಲು ಒಗ್ಗುತ್ತಿಲ್ಲ, ಹಾಲೂಡುವ ಹೆಂಗಸು ಯಾವ ಹಳ್ಳಿಯಲ್ಲಿದ್ದಾಳೆಂದು ಹಾದಿಯಲ್ಲಿ ವಿಚಾರಿಸಿಕೊಂಡು ಹೋಗಬೇಕು ಎಂದು ಹೇಳಿ, ಬಂದ ದಾರಿಯಲ್ಲೇ ನಡೆದಳು.